ಬ್ರೌಸರಿನ ಟೂಲ್‌ಬಾರುಗಳ ಉದಯಾಸ್ತ

ರಾಜರ ಏಳುಬೀಳುಗಳನ್ನು ಬರೆದಿಡುವುದೇ ಚರಿತ್ರೆಯೆಂದು ತಿಳಿಯುವ ಕಾಲವು ಹಿಂದಾಯಿತು. ಜನರು ಪ್ರತಿದಿನವೂ ಕೈಯಾಡಿಸಿದ ಉಪಕರಣಗಳು ಹೇಗೆ ಬಂದುವು, ಹೇಗೆ ಹೋದುವು, ಹೋಗುವಾಗ ಏನನ್ನು ಉಳಿಸಿದುವು ಎಂಬುದೂ ವಿಚಾರಾರ್ಹವಾದ ವಿಷಯವೇ. ಏತವೂ ಕಪಿಲೆಯೂ ನಮ್ಮ ಹೊಲಗಳಿಂದ ಮರೆಯಾಗಲು ತಲೆಮಾರುಗಳೇ ಬೇಕಾದುವು. ಆದರೆ ಗಣಕಯಂತ್ರದ ಪರದೆಯ ಮೇಲೆ ಕಾಲು ಶತಮಾನದೊಳಗಾಗಿಯೇ ಹುಟ್ಟಿ, ಮೆರೆದು, ಅಳಿದುಹೋದ ಒಂದು ಉಪಕರಣವುಂಟು, ಅದೇ ಟೂಲ್‌ಬಾರು. ಅದರ ವೃತ್ತಾಂತವನ್ನೂ, ಅದರಿಂದ ಕನ್ನಡಕ್ಕಾದ ಲಾಭನಷ್ಟಗಳನ್ನೂ ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಕಿರಿಯ ವಾಚಕರಲ್ಲಿ ಅನೇಕರು ಇದನ್ನು ಕಂಡಿರಲಾರರು. ಬ್ರೌಸರಿನಲ್ಲಿ ಜಾಲತಾಣದ ವಿಳಾಸವನ್ನು ಬರೆಯುವ ಸಾಲಿನ ಕೆಳಗೆ ಅಡ್ಡಲಾಗಿ ಕೂಡಿಸಿಕೊಳ್ಳುತ್ತಿದ್ದ ಒಂದು ಪಟ್ಟಿಯೇ ಟೂಲ್‌ಬಾರು. ಹುಡುಕಬೇಕಾದ ಪದವನ್ನು ಬರೆಯಲು ಅದರಲ್ಲಿ ಒಂದು ಚೌಕವೂ, ಅದರ ಪಕ್ಕದಲ್ಲಿ ಹಲಕೆಲವು ಗುಂಡಿಗಳೂ ಇರುತ್ತಿದ್ದುವು. ಬ್ರೌಸರನ್ನು ಮಾಡಿದವರು ಒಬ್ಬರು, ಪಟ್ಟಿಯನ್ನು ಮಾಡಿದವರು ಮತ್ತೊಬ್ಬರು. ಮನೆ ಒಬ್ಬರದು, ಅದಕ್ಕೆ ತಾಗಿಸಿ ಹಾಕಿದ ಚಪ್ಪರ ಇನ್ನೊಬ್ಬರದು ಎಂಬಂತೆ ಇವುಗಳ ಸಂಬಂಧವಿದ್ದಿತು.

೧೯೯೭ರಲ್ಲಿ, ಎಂದರೆ ನಮ್ಮ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ವರ್ಷದಲ್ಲಿಯೇ, ಅಮೆರಿಕೆಯ ಅಲೆಕ್ಸಾ ಸಂಸ್ಥೆಯು ತನ್ನ ಟೂಲ್‌ಬಾರನ್ನು ಹೊರತಂದಿತು. ಓದುಗನು ನೋಡುತ್ತಿರುವ ಪುಟದಿಂದ ಮುಂದೆ ಎಲ್ಲಿಗೆ ಹೋಗಬಹುದೆಂದು ಸೂಚಿಸುವುದು ಅದರ ಕೆಲಸವಾಗಿದ್ದಿತು. ೨೦೦೦ನೆಯ ಇಸವಿಯ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯು ಇಂಟರ್‌ನೆಟ್ ಎಕ್ಸ್‌ಪ್ಲೋರರಿಗಾಗಿ ತನ್ನ ಪಟ್ಟಿಯನ್ನು ಪ್ರಕಟಿಸಿತು. ಟೆಲಿಫೋನಿನ ತಂತಿಯಲ್ಲಿ ಪುಟಗಳು ತೆವಳುತ್ತ ಬರುತ್ತಿದ್ದ ಆ ದಿನಗಳಲ್ಲಿ, ಹುಡುಕುವುದಕ್ಕಾಗಿ ಬೇರೊಂದು ಪುಟವನ್ನು ತೆರೆಯುವ ಕಷ್ಟವು ತಪ್ಪಿದುದೇ ಒಂದು ಮಹೋಪಕಾರವಾಯಿತು.

ಮುಂದೆ ಈ ಪಟ್ಟಿಗೆ ಒಂದೊಂದೇ ಗುಣವು ಸೇರುತ್ತ ಹೋಯಿತು. ಸೇರಿದ ಗುಣವನ್ನು ಸ್ವಲ್ಪ ಕಾಲದಲ್ಲಿಯೇ ಬ್ರೌಸರು ತನ್ನದಾಗಿ ಮಾಡಿಕೊಂಡಿತು. ಕರೆಯದೆಯೇ ಎದ್ದು ಬರುವ ಜಾಹೀರಾತಿನ ಕಿಟಕಿಗಳನ್ನು ತಡೆಯುವ ಸಾಧನವು ಗೂಗಲ್ ಪಟ್ಟಿಗೆ ೨೦೦೩ರಲ್ಲಿ ಬಂದಿತು. ಮರುವರ್ಷವೇ ವಿಂಡೋಸ್ ಎಕ್ಸ್‌ಪಿಯ ಪರಿಷ್ಕರಣದೊಡನೆ ಅದು ಎಕ್ಸ್‌ಪ್ಲೋರರಿನಲ್ಲಿಯೇ ಅಡಕವಾಯಿತು. ಕಾಗುಣಿತವನ್ನು ತಿದ್ದುವ ಗುಂಡಿಯು ೨೦೦೫ರಲ್ಲಿ ಬಂದಿತು. ೨೦೦೬ರ ಫೈರ್‌ಫಾಕ್ಸಿನಲ್ಲಿ ಅದು ಸಹಜಗುಣವೇ ಆಯಿತು. ಶೋಧದ ಚೌಕವಂತೂ ಫೈರ್‌ಫಾಕ್ಸಿನ ೨೦೦೪ರ ಮೊದಲನೆಯ ಆವೃತ್ತಿಯಲ್ಲಿಯೇ ಇದ್ದಿತು. ಎಕ್ಸ್‌ಪ್ಲೋರರಿಗೆ ೨೦೦೬ರಲ್ಲಿ ಬಂದಿತು. ೨೦೦೮ರ ಸೆಪ್ಟೆಂಬರಿನಲ್ಲಿ ಗೂಗಲ್ ತಾನೇ ಕ್ರೋಮ್ ಎಂಬ ಬ್ರೌಸರನ್ನು ಹೊರಡಿಸಿ, ವಿಳಾಸವನ್ನೂ ಶೋಧವನ್ನೂ ಒಂದೇ ಸಾಲಿಗೆ ಸೇರಿಸಿದ ಮೇಲೆ ಚಪ್ಪರದ ಅಗತ್ಯವೇ ಉಳಿಯಲಿಲ್ಲ. ಫೈರ್‌ಫಾಕ್ಸಿನ ಹೊಸ ಆವೃತ್ತಿಗಳಿಗೆ ತನ್ನ ಪಟ್ಟಿಯನ್ನು ಒದಗಿಸುವುದನ್ನು ಗೂಗಲ್ ೨೦೧೧ರಲ್ಲಿ ನಿಲ್ಲಿಸಿತು. ೨೦೨೧ರ ಡಿಸೆಂಬರಿನಲ್ಲಿ ಎಕ್ಸ್‌ಪ್ಲೋರರಿನ ಪಟ್ಟಿಯೂ ಕೊನೆಗೊಂಡಿತು. ಆರು ತಿಂಗಳಲ್ಲಿ ಎಕ್ಸ್‌ಪ್ಲೋರರೂ ಅದನ್ನು ಹಿಂಬಾಲಿಸಿತು.

ಅವನತಿಗೆ ಇನ್ನೊಂದು ಕಾರಣವೂ ಉಂಟು. ಹುಡುಕಾಟವು ಯಾರ ಚೌಕದಲ್ಲಿ ನಡೆಯುವುದೋ ಜಾಹೀರಾತಿನ ಆದಾಯವು ಅವರದಾಗುತ್ತಿದ್ದಿತು. ಆದಕಾರಣ ಬೇರಾವುದೋ ತಂತ್ರಾಂಶವನ್ನು ಇಳಿಸಿಕೊಳ್ಳುವವನ ಯಂತ್ರಕ್ಕೆ, ಮೊದಲೇ ಗುರುತು ಹಾಕಿಟ್ಟ ಒಂದು ಸಣ್ಣ ಚೌಕದ ಮೂಲಕ, ಟೂಲ್‌ಬಾರನ್ನೂ ನುಸುಳಿಸುವ ಪದ್ಧತಿಯು ಹಬ್ಬಿತು. ಜಾವಾದೊಡನೆ ಹೀಗೆ ಬರುತ್ತಿದ್ದ ಆಸ್ಕ್ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೫ರಲ್ಲಿ ಅನಪೇಕ್ಷಿತ ತಂತ್ರಾಂಶಗಳ ಪಂಕ್ತಿಗೆ ಸೇರಿಸಿತು. ಒಳ್ಳೆಯ ಪಟ್ಟಿಗಳಲ್ಲಿಯೂ ಗೂಢವಾದ ಬೆಲೆಯೊಂದಿದ್ದಿತು. ಪುಟದ ಯೋಗ್ಯತೆಯನ್ನು ಹಸುರು ಗೆರೆಯಿಂದ ತೋರಿಸುತ್ತಿದ್ದ ಗೂಗಲಿನ ‘ಪೇಜ್‌ರ‍್ಯಾಂಕ್’ ಸೌಲಭ್ಯವು ಬೇಕಾದರೆ, ನಾವು ನೋಡಿದ ಪ್ರತಿಯೊಂದು ಪುಟದ ವಿಳಾಸವೂ ಆ ಸಂಸ್ಥೆಗೆ ತಲಪಬೇಕಾಗಿದ್ದಿತು. ೨೦೧೬ರಲ್ಲಿ ಆ ಗೆರೆಯೂ ಮಾಯವಾಯಿತು.

ಇಷ್ಟು ಲೋಕದ ಕಥೆ. ಇದರಲ್ಲಿ ಕನ್ನಡದ ಪಾಲೆಷ್ಟು? ಗೂಗಲ್ ಪಟ್ಟಿಗೆ ೨೦೦೫ರಲ್ಲಿ ಪದಗಳ ಅರ್ಥವನ್ನು ಬೇರೆ ಭಾಷೆಯಲ್ಲಿ ಹೇಳುವ ಗುಂಡಿಯು ಬಂದಾಗ, ಯೂರೋಪಿನ ಮತ್ತು ಪೂರ್ವ ಏಷ್ಯದ ಕೆಲವು ಭಾಷೆಗಳಿಗೆ ಅದರಲ್ಲಿ ಸ್ಥಾನವಿದ್ದಿತು, ಕನ್ನಡಕ್ಕೆ ಇರಲಿಲ್ಲ. ಗೂಗಲಿನ ಭಾಷಾಂತರದ ಸೌಲಭ್ಯವು ಕನ್ನಡಕ್ಕೆ ದೊರೆತುದು ೨೦೧೧ರ ಜೂನಿನಲ್ಲಿ. ಮರುತಿಂಗಳೇ ಫೈರ್‌ಫಾಕ್ಸಿನ ಪಟ್ಟಿಗೆ ಮುಕ್ತಾಯವನ್ನು ಸಾರಲಾಯಿತು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಬತ್ತ ಬೆಳೆಯುವ ಶ್ರೀರಾಮನಗರದ ಸುತ್ತಣ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟುವ ಹೊತ್ತಿಗೆ ಮೇಲಣವರ ನಾಟಿಯು ಮುಗಿದಿರುತ್ತದೆ.

ನಮ್ಮ ರಾಜಧಾನಿಯಲ್ಲಿಯೇ ನಡೆದ ಒಂದು ಸಾಹಸವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆಯು ೨೦೧೦ರ ಜುಲೈಯಲ್ಲಿ, ಫೈರ್‌ಫಾಕ್ಸಿನ ತಳಹದಿಯ ಮೇಲೆ ‘ಎಪಿಕ್’ ಎಂಬ ಬ್ರೌಸರನ್ನು ಭಾರತೀಯರಿಗೆಂದೇ ರಚಿಸಿತು. ಅದರ ಪಕ್ಕದ ಪಟ್ಟಿಯಲ್ಲಿ ವಾರ್ತೆಗಳೂ, ಬರೆಯುವ ಹಲಗೆಯೂ, ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಅಕ್ಷರ ಮೂಡಿಸುವ ಅನುಕೂಲವೂ ಇದ್ದುವು. ಆದರೆ ೨೦೧೩ರಲ್ಲಿ ಆ ಸಂಸ್ಥೆಯು ಕ್ರೋಮಿಯಮ್ಮಿನ ತಳಹದಿಯನ್ನು ಹಿಡಿದು, ಓದುಗನ ಗೋಪ್ಯರಕ್ಷಣೆಯನ್ನೇ ಮುಖ್ಯೋದ್ದೇಶವಾಗಿ ಮಾಡಿಕೊಂಡಿತು. ಪಕ್ಕದ ಪಟ್ಟಿಯೊಡನೆ ಕನ್ನಡದ ಆ ಅನುಕೂಲವೂ ಹೋಯಿತು. ಸಂಸ್ಥೆಯ ಉದ್ದೇಶವು ಬದಲಾದಾಗ ಅದರ ಹಂಗಿನಲ್ಲಿದ್ದ ಸೌಕರ್ಯವೂ ಬದಲಾಗುವುದು ಸ್ವಾಭಾವಿಕವೇ. ಅದನ್ನು ದೂರಿ ಫಲವಿಲ್ಲ.

ನಿಜವಾಗಿ ನೋಡಿದರೆ, ಕನ್ನಡಿಗನಿಗೆ ಟೂಲ್‌ಬಾರಿನ ಶೋಧದ ಚೌಕವು ಬಹುಕಾಲ ನಿರರ್ಥಕವೇ ಆಗಿದ್ದುದಕ್ಕೆ ಕಾರಣವು ಪಟ್ಟಿಯಲ್ಲಿರಲಿಲ್ಲ, ನಮ್ಮ ಬರೆಹದಲ್ಲಿಯೇ ಇದ್ದಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು ೧೯೯೮ರಲ್ಲಿ ಪ್ರಕಟಿಸಿದ ‘ಬರಹ’ವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕನ್ನಡಕ್ಕೆ ಮಾಡಿದ ಉಪಕಾರವು ಎಣೆಯಿಲ್ಲದುದು. ಆದರೆ ಆ ಕಾಲದ ಪದ್ಧತಿಯಲ್ಲಿ, ಪರದೆಯ ಮೇಲೆ ಕನ್ನಡವಾಗಿ ತೋರಿದುದು ಯಂತ್ರದೊಳಗೆ ರೋಮನ್ ಚಿಹ್ನೆಗಳ ಗೊಂದಲವಾಗಿದ್ದಿತು. ವೃತ್ತಪತ್ರಿಕೆಗಳ ತಾಣಗಳೂ ತಮ್ಮ ತಮ್ಮ ಅಕ್ಷರಗಳನ್ನೇ ಬಳಸುತ್ತಿದ್ದುವು. ಗಂಗಾವತಿಯೆಂದು ಬರೆದು ಹುಡುಕಿದವನಿಗೆ, ಗಂಗಾವತಿಯ ವಾರ್ತೆಯು ಇದ್ದೂ ಸಿಗುತ್ತಿರಲಿಲ್ಲ. ಪ್ರತಿಯೊಂದು ಅಕ್ಷರಕ್ಕೂ ಲೋಕಸಮ್ಮತವಾದ ಒಂದೊಂದು ಸಂಖ್ಯೆಯನ್ನು ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನವು ದೊರೆತಿದ್ದಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಅಕ್ಷರದೊಡನೆ ಅದನ್ನು ಮನೆಮನೆಗೆ ತಂದಿತು. ೨೦೦೩ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯವು ಅದನ್ನೇ ಅವಲಂಬಿಸಿತು. ಇಂದು ಯಾವ ಪಟ್ಟಿಯ ಸಹಾಯವೂ ಇಲ್ಲದೆ ಕನ್ನಡದ ಪದವು ಹುಡುಕಿದರೆ ಸಿಗುವುದಕ್ಕೆ ಈ ಸಂಕೇತವೇ ಕಾರಣ.

ಪಟ್ಟಿಗಳು ಹೋದುವು, ಸಂಕೇತವು ಉಳಿಯಿತು. ಇದರಿಂದ ನಾವು ಕಲಿಯತಕ್ಕ ಪಾಠವು ಸ್ಪಷ್ಟವಾಗಿದೆ. ಯಾರೋ ಅನುಗ್ರಹಿಸಿದ ಗುಂಡಿಯನ್ನು ನೆಚ್ಚಿರುವ ಭಾಷೆಯು ಆ ಗುಂಡಿಯೊಡನೆಯೇ ಕುಗ್ಗುವುದು. ಎಲ್ಲರ ಸೊತ್ತಾದ ಅಕ್ಷರವ್ಯವಸ್ಥೆಯಲ್ಲಿ ಬರೆದಿಟ್ಟ ಮಾತು ಉಪಕರಣಗಳು ಬದಲಾದರೂ ಬಾಳುವುದು. ನಮ್ಮ ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಅಳಿಯದೆ ನಿಂತಿವೆ. ಆದರೆ ಬ್ರಾಹ್ಮೀ ಲಿಪಿಯ ಕೀಲಿಯು ಕಳೆದುಹೋದ ಬಳಿಕ, ೧೮೩೭ರಲ್ಲಿ ಪ್ರಿನ್ಸೆಪ್ ವಿದ್ವಾಂಸನು ಆ ಲಿಪಿಯನ್ನು ಬಿಡಿಸುವವರೆಗೂ ಅಂಥ ಶಿಲೆಗಳನ್ನು ಕಂಡವರುಂಟೇ ಹೊರತು ಓದಿದವರಿಲ್ಲ.

ನಮ್ಮ ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳೂ, ಊರಿನ ಚರಿತ್ರೆಗಳೂ, ಮನೆಯ ಹಿರಿಯರು ಬರೆದಿಟ್ಟ ಕಡತಗಳೂ ಹಳೆಯ ಅಕ್ಷರಪದ್ಧತಿಯಲ್ಲಿಯೇ ಹಳೆಯ ಯಂತ್ರಗಳಲ್ಲಿ ಇನ್ನೂ ಬಿದ್ದಿರಬಹುದು. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ‘ಬರಹ’ ಮತ್ತು ‘ನುಡಿ’ಗಳಲ್ಲಿಯೇ ಇವೆ. ಕೀಲಿಯು ನಮ್ಮ ಕೈಯಲ್ಲಿರುವಾಗಲೇ ಈ ಕಾರ್ಯವನ್ನು ನೆರವೇರಿಸುವುದು ಮೇಲು. ಪ್ರತಿಯೊಂದು ಮನೆಯವರೂ ತಮ್ಮಲ್ಲಿರುವ ಒಂದೊಂದು ಕಡತದಿಂದ ಇದನ್ನು ಆರಂಭಿಸುವರೆಂದು ಆಶಿಸುತ್ತೇನೆ.