ಸ್ಲೋ ನಿಲ್ಲದ ಬೈಕು: ಸ್ಕ್ರೂಡ್ರೈವರ್‌ನಿಂದ ಸ್ಕ್ಯಾನರ್‌ವರೆಗೆ

ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಬೈಕು ಆಫ್ ಆಗುತ್ತದೆ ಎಂದರೆ ಗ್ಯಾರೇಜಿನಲ್ಲಿ ಮೊದಲು ತಿರುಗುವುದು ಸ್ಲೋ ಸ್ಕ್ರೂ. ಅರ್ಧ ಸುತ್ತು ಬಿಗಿದರೆ ಎಂಜಿನ್ ಜೋರಾಗಿ ಓಡುತ್ತದೆ, ಗಿರಾಕಿ ಹೊರಡುತ್ತಾನೆ. ಕಾಯಿಲೆ ಒಳಗೇ ಉಳಿಯುತ್ತದೆ. ಸ್ಲೋ, ಅಂದರೆ ಐಡ್ಲಿಂಗ್‌ನ ದೋಷ ಹುಡುಕುವ ವಿದ್ಯೆ ಬೆಳೆದುದೆಲ್ಲ ಈ ಅಡ್ಡದಾರಿಯೊಡನೆ ಗುದ್ದಾಡುತ್ತಲೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಜಾವಾ, ಆಮೇಲಿನ ಯೆಜ್ಡಿ, ಮದರಾಸಿನ ಬುಲೆಟ್ ಇವುಗಳ ಕಾಲದಲ್ಲಿ ಮೊದಲ ಅನುಮಾನ ಕಿಡಿಯ ಸಮಯ ನೋಡುವ ಪಾಯಿಂಟ್ ಮೇಲೆ. ಅದರ ಸಂದು ಸುಮಾರು 0.4 ಮಿ.ಮೀ. ಇರಬೇಕು, ಸುಟ್ಟು ಗುಳಿಬಿದ್ದರೆ ಕಿಡಿ ಸೊರಗಿ ಎಂಜಿನ್ ನಿಲ್ಲುತ್ತಿತ್ತು. ಟೂ-ಸ್ಟ್ರೋಕ್‌ಗಳಲ್ಲಿ ಇನ್ನೊಂದು ಕಾಟ: ಕ್ರ್ಯಾಂಕ್‌ನ ಆಯಿಲ್ ಸೀಲ್ ಸವೆದರೆ ಒಳಗೆ ಗಾಳಿ ಎಳೆದು, ಆಕ್ಸಿಲರೇಟರ್ ಮುಚ್ಚಿದ್ದರೂ ಎಂಜಿನ್ ತಾನಾಗಿ ರೇಸ್ ಆಗುತ್ತದೆ. ಸ್ಲೋ ಸ್ಕ್ರೂ ಪೂರ್ತಿ ಬಿಚ್ಚಿದರೂ ಇಳಿಯದು. ಆಗ ಕಾರ್ಬುರೇಟರ್ ಬಿಚ್ಚಿ ತೊಳೆಯುವುದು ವ್ಯರ್ಥ ಶ್ರಮ. ಬುಲೆಟ್‌ನವರದು ಬೇರೆಯೇ ಹುಚ್ಚು. ಡುಗ್ ಡುಗ್ ಸದ್ದಿಗಾಗಿ ಸ್ಲೋವನ್ನು ಮಿತಿಮೀರಿ ಇಳಿಸಿ, ಬೇರಿಂಗ್‌ಗೆ ಹೋಗಬೇಕಾದ ಎಣ್ಣೆಗೇ ಕುತ್ತು ತರುತ್ತಾರೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದವು. ಮುಂದೆ ಪಾಯಿಂಟ್ ಇಲ್ಲದೆಯೇ ಕಿಡಿ ಕೊಡುವ ಎಲೆಕ್ಟ್ರಾನಿಕ್ ಸಿಡಿಐ ಎಲ್ಲೆಡೆ ಹರಡಿದಂತೆ ಪಾಯಿಂಟಿನ ಗೋಳು ಮರೆಯಾಗಿ, ದೋಷವೆಲ್ಲ ಕಾರ್ಬುರೇಟರ್‌ನ ತಲೆಗೆ ಬಂತು. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಹರಿಯುವುದು ಪೈಲಟ್ ಜೆಟ್‌ನ ಸೂಜಿಮೊನೆಯಷ್ಟು ತೂತಿನಿಂದ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಪೆಟ್ರೋಲ್ ಆರಿ ಅಂಟಾಗಿ ಮೊದಲು ಕಟ್ಟಿಕೊಳ್ಳುವುದೂ ಇದೇ. ಚೋಕ್ ಎಳೆದಾಗ ಮಾತ್ರ ಎಂಜಿನ್ ನಿಲ್ಲದೆ ಓಡಿದರೆ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಇವೆರಡನ್ನು ಬೇರ್ಪಡಿಸಲು ತಣ್ಣಗಿರುವ ಎಂಜಿನ್‌ನ ಮ್ಯಾನಿಫೋಲ್ಡ್ ರಬ್ಬರಿನ ಸುತ್ತ ಕಾರ್ಬ್ ಕ್ಲೀನರ್ ಚಿಮುಕಿಸಿ ಸದ್ದು ಬದಲಾಗುತ್ತದೆಯೇ ಎಂದು ಆಲಿಸುವುದೇ ಈಗಲೂ ನೆಚ್ಚಬಹುದಾದ ಪರೀಕ್ಷೆ.

ಸ್ಲೋ ಸ್ಕ್ರೂ ಅಲ್ಲದೆ ಕಾರ್ಬುರೇಟರ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣದ ಸ್ಕ್ರೂ ಒಂದಿದೆ, ಅದರ ಗೊಂದಲ ಇವತ್ತಿಗೂ ಪೂರ್ತಿ ಹೋಗಿಲ್ಲ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು: ಒಳಗೆ ತಿರುಗಿಸಿದರೆ ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಎಂಜಿನ್ ಕಡೆಗಿದ್ದರೆ ಪೆಟ್ರೋಲಿನದು: ಒಳಗೆ ತಿರುಗಿಸಿದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಹಳೆಯ ಬೈಕಿನ ಕೈರೂಢಿಯನ್ನು ಹೊಸ ಸಿವಿ ಕಾರ್ಬುರೇಟರ್‌ಗೆ ಹಚ್ಚಿದವರು ಗುಣವಾಗಬೇಕಾದುದನ್ನೇ ಕೆಡಿಸಿದ್ದಾರೆ.

ಎಮಿಷನ್ ಟೆಸ್ಟ್ ಈ ಸ್ಕ್ರೂ ತಿರುಗಿಸಾಟಕ್ಕೆ ಹೊಸ ತಿರುವು ಕೊಟ್ಟಿತು. ದ್ವಿಚಕ್ರ ವಾಹನಗಳ ಹೊಗೆ ಅಳೆಯುವುದು ಐಡ್ಲಿಂಗ್‌ನಲ್ಲೇ. 2000ದ ನಂತರದ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 3.5% ಎಂದಾಯಿತು. ಸರ್ಟಿಫಿಕೇಟಿಗಾಗಿ ಲೀನ್ ಮಾಡಿದ ಬೈಕು ಮರುದಿನ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುವುದು ಮೆಕ್ಯಾನಿಕ್‌ಗಳಿಗೆ ಮಾಮೂಲಾಯಿತು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಬಹುಪಾಲು ಹೊಸ ಬೈಕುಗಳು ಫ್ಯುಯಲ್ ಇಂಜೆಕ್ಷನ್ ಆದವು. ಸ್ಲೋವನ್ನು ಈಗ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಹಿಡಿದಿಡುತ್ತದೆ. ಎಂಜಿನ್ ಎಷ್ಟು ಕಾದಿದೆ ಎಂದು ಹೇಳುವ ಸೆನ್ಸರ್ ಸುಳ್ಳು ಹೇಳಿದರೆ ಬಿಸಿ ಎಂಜಿನ್‌ಗೂ ತಣ್ಣನೆಯದಕ್ಕೆ ಕೊಡುವಷ್ಟು ಪೆಟ್ರೋಲ್ ಸುರಿಯುತ್ತದೆ. ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದರೂ ಸ್ಲೋ ಏರುಪೇರಾಗುತ್ತದೆ. ಸ್ಕ್ಯಾನರ್ ಜೋಡಿಸಿದರೆ ದೋಷದ ಕೋಡ್ ಸಿಗುತ್ತದೆ, ನಿಜ. ಆದರೆ ಕೋಡ್ ಹೇಳುವುದು ಯಾವ ಸರ್ಕ್ಯೂಟಿನ ಲೆಕ್ಕ ತಪ್ಪಿದೆ ಎಂದಷ್ಟೇ. ಕಾರಣ ಸೆನ್ಸರೋ, ತುಕ್ಕುಹಿಡಿದ ಕನೆಕ್ಟರೋ, ವೈರೋ ಎಂದು ನೋಡದೆ ಸೆನ್ಸರ್ ಬದಲಿಸುವುದು ಹಳೆಯ ಸ್ಕ್ರೂ ತಿರುಗಿಸುವ ಚಾಳಿಯ ದುಬಾರಿ ರೂಪ.

ಇನ್ನು ಸ್ಕ್ಯಾನರ್‌ಗೂ ಸಿಗದ ದೋಷ ಒಂದಿದೆ: ವಾಲ್ವ್ ತೆರೆಯುವ ಟ್ಯಾಪೆಟ್. ಸಂದು ಕಿರಿದಾದ ಟ್ಯಾಪೆಟ್ ಎಂಜಿನ್ ಕಾದಾಗ ವಾಲ್ವ್ ಪೂರ್ತಿ ಮುಚ್ಚಲು ಬಿಡದೆ ಕಂಪ್ರೆಷನ್ ಸೋರಿಸುತ್ತದೆ. ಅಂಥ ಬೈಕು ಬೆಳಿಗ್ಗೆ ಚೆನ್ನಾಗಿರುತ್ತದೆ, ಹತ್ತಾರು ಕಿ.ಮೀ. ಓಡಿದ ಮೇಲೆ ಆಫ್ ಆಗತೊಡಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಯಾವ ಕೋಡೂ ಬರುವುದಿಲ್ಲ. ತಣ್ಣನೆಯ ಎಂಜಿನ್‌ನಲ್ಲಿ ಫೀಲರ್ ಗೇಜ್ ತೂರಿಸಿಯೇ ನೋಡಬೇಕು.