ಚೀಪ್ ಅಂಡ್ ಬೆಸ್ಟ್

ಮೋರ್ಟನ್-ಇನ್-ಮಾರ್ಶ್‌ನಲ್ಲಿ ರೈಲಿಳಿದು ಬಸ್ ಹತ್ತಿ, ಚಿಪ್ಪಿಂಗ್ ಕ್ಯಾಂಪ್ಡನ್‌ಗೆ ಎರಡು ಟಿಕೆಟ್ ಕೇಳಿದೆ. ‘ಕ್ಯಾಂಪ್ಡನ್‌ಗಾ?’ ಎಂದು ಡ್ರೈವರ್ ಕೊಟ್ಟ. ಅಲ್ಲಿಯವರು ಊರಿನ ಹೆಸರನ್ನು ಅಷ್ಟಕ್ಕೇ ಮುಗಿಸುತ್ತಾರೆ. ಮುಂದಿರುವ ಚಿಪ್ಪಿಂಗ್ ಏನಿದ್ದರೂ ಬೋರ್ಡಿಗೆ, ನಕಾಶೆಗೆ. ‘ಚಿಪ್ಪಿಂಗ್ ಅಂದ್ರೆ ಏನ್ರೀ, ಕಲ್ಲು ಕೆತ್ತೋದಾ?’ ಎಂದಳು ನನ್ನಾಕೆ. ಕಿಟಕಿಯಾಚೆ ಕಾಟ್ಸ್‌ವೋಲ್ಡ್‌ನ ಜೇನುಬಣ್ಣದ ಕಲ್ಲಿನ ಮನೆಗಳು ಒಂದರ ಹಿಂದೊಂದು ಬರುತ್ತಿದ್ದವು. ಅಲ್ಲ ಎನ್ನುವುದಕ್ಕೆ ಮನಸ್ಸಾಗಲಿಲ್ಲ.

ಚಿಪ್ಪಿಂಗ್ ಎಂದರೆ ಸಂತೆ. ಕೊಡುಕೊಳ್ಳುವ ವ್ಯವಹಾರಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಚೆಯಾಪ್’ ಎಂಬ ಮಾತಿತ್ತು, ಅದರ ಮನೆತನದ್ದು ಇದು. ನಮ್ಮ ಸಂತೆಬೆನ್ನೂರು, ಸಂತೆಮರಹಳ್ಳಿಗಳ ಹಾಗೆ ಅಲ್ಲಿ ಚಿಪ್ಪಿಂಗ್ ನಾರ್ಟನ್, ಚಿಪ್ಪಿಂಗ್ ಸಾಡ್‌ಬರಿ, ಚಿಪ್ಪಿಂಗ್ ಆಂಗರ್. ಲ್ಯಾಂಕಶೈರಿನ ಒಂದು ಹಳ್ಳಿಯ ಹೆಸರಂತೂ ಬರೀ ಚಿಪ್ಪಿಂಗ್. ಹಾಗೆಂದು ಚಿಪ್ಪನಮ್ ಕಂಡಾಗ ಅದನ್ನೂ ಸಂತೆಯೂರು ಎಂದುಕೊಂಡರೆ ಕೆಟ್ಟಿರಿ. ಅದು ಯಾರೋ ಒಬ್ಬನ ಹೆಸರಿನಿಂದ ಬಂದದ್ದು ಎನ್ನುತ್ತಾರೆ ಬಲ್ಲವರು.

ಆ ಚೆಯಾಪ್‌ನಿಂದಲೇ ವ್ಯಾಪಾರಿಗೆ ‘ಚಾಪ್‌ಮನ್’ ಎಂಬ ಹೆಸರು. ಅದರ ಬಾಲ ಕತ್ತರಿಸಿ ಉಳಿದ ‘ಚಾಪ್’ ಮೊದಲು ಕೊಳ್ಳುವವನಿಗೆ ಹೇಳುವ ಮಾತಾಗಿತ್ತು, ಆಮೇಲೆ ಯಾವನಾದರೊಬ್ಬ ಆಸಾಮಿಗೆ. ‘ಎಂಥಾ ಗಿರಾಕಿ ಮಾರಾಯ ಅವನು!’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಂಪ್ಡನ್ನಿನ ಸಂತೆಮನೆ ಹೈ ಸ್ಟ್ರೀಟಿನ ನಡುವೆಯೇ ನಿಂತಿದೆ. ಗೋಡೆಯಿಲ್ಲ, ಸುತ್ತಲೂ ಕಲ್ಲಿನ ಕಮಾನುಗಳು. ಮೇಲೆ ಮರದ ತೊಲೆಗಳ ಮಾಡು. ಬೆಣ್ಣೆ, ಚೀಸು, ಕೋಳಿ ಮಾರುವವರು ಮಳೆಗೆ ನೆನೆಯದಿರಲೆಂದು 1627ರಲ್ಲಿ ಕಟ್ಟಿಸಿದ್ದು. ನೆಲದ ಕಲ್ಲುಗಳು ಒಂದಕ್ಕೊಂದು ಸಮವಿಲ್ಲ, ಕಾಲು ನೋಡಿಕೊಂಡೇ ಇಡಬೇಕು. ಕಟ್ಟಿಸಿದವನು ಸರ್ ಬ್ಯಾಪ್ಟಿಸ್ಟ್ ಹಿಕ್ಸ್, ರೇಷ್ಮೆ ಬಟ್ಟೆ ಮಾರಿ, ರಾಜನಿಗೇ ಸಾಲ ಕೊಡುವಷ್ಟು ಬೆಳೆದವನು. ಅವನ ಅಂಗಡಿ ಇದ್ದದ್ದು ಲಂಡನ್ನಿನ ಚೀಪ್‌ಸೈಡಿನಲ್ಲಿ! ಆ ಬೀದಿಯ ಹೆಸರಿಗೂ ಅಗ್ಗಕ್ಕೂ ಸಂಬಂಧವಿಲ್ಲ, ಅದೂ ಸಂತೆಯೇ. ಸುತ್ತಲಿನ ಬೀದಿಗಳು ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ಹನಿ ಲೇನ್. ಅಕ್ಕಿಪೇಟೆಯಲ್ಲಿ ಹೊಕ್ಕು ಅರಳೆಪೇಟೆಯಲ್ಲಿ ಹೊರಬಂದವರಿಗೆ ದಾರಿ ತಪ್ಪುವ ಊರಲ್ಲ ಅದು.

ಸಂತೆ ಎಂಬರ್ಥದ ಮಾತು ಅಗ್ಗಕ್ಕೆ ಇಳಿದದ್ದು ಹೇಗೆ? ಕೊಂಡದ್ದು ಲಾಭಕ್ಕೆ ಬಂದರೆ ಹಳಬರು ‘ಗುಡ್ ಚೀಪ್’ ಎನ್ನುತ್ತಿದ್ದರು, ಎಂದರೆ ಒಳ್ಳೆ ವ್ಯಾಪಾರ. ಫ್ರೆಂಚರು ಇವತ್ತಿಗೂ ಅಗ್ಗವಾದದ್ದನ್ನು ‘ಬಾನ್ ಮಾರ್ಶೆ’ ಎನ್ನುವುದು ಇದೇ ಲೆಕ್ಕದಲ್ಲಿ. ಷೇಕ್ಸ್‌ಪಿಯರನ ಫಾಲ್‌ಸ್ಟಾಫ್ ಬಾಯಲ್ಲೂ ಈ ಜೋಡಿಪದ ಇದೆ. ಆದರೆ ಅಷ್ಟು ಹೊತ್ತಿಗಾಗಲೇ ಇಂಗ್ಲಿಷರು ಗುಡ್ ಬಿಟ್ಟು ಬರೀ ಚೀಪ್ ಎನ್ನಲು ಶುರುಮಾಡಿದ್ದರು. ಒಳ್ಳೆಯದು ಹೋಯಿತು, ಕಡಿಮೆ ಬೆಲೆ ಉಳಿಯಿತು. ಒಳ್ಳೆಯದರ ಕಾವಲು ತಪ್ಪಿದ ಮೇಲೆ ಕೇಳಬೇಕೇ, ಪದ ಕಳಪೆಗೂ ಇಳಿಯಿತು, ಮನುಷ್ಯರ ಬುದ್ಧಿಗೂ ಅಂಟಿತು. (ನಮ್ಮ ‘ಅಗ್ಗ’ವೂ ಸಂಸ್ಕೃತದ ‘ಅರ್ಘ’ದಿಂದ ಬಂದದ್ದು ಎಂಬ ಮಾತುಂಟು. ಅರ್ಘ ಎಂದರೆ ಬರೀ ಬೆಲೆ. ಬೆಲೆ ಎಂಬ ಮಾತು ಎಲ್ಲಿ ಹೋದರೂ ಏರುವುದಕ್ಕಿಂತ ಇಳಿಯುವುದಕ್ಕೇ ಸುಲಭ ಎಂದು ಕಾಣುತ್ತದೆ, ಸಾಮಾನಿನ ಬೆಲೆಯೊಂದು ಬಿಟ್ಟು.)

ಬಿದ್ದ ಆ ಪದವನ್ನು ಎತ್ತಿದವರು ನಮ್ಮ ಅಂಗಡಿಯವರು. ಹೊರಡುವ ವಾರ ಚಿಕ್ಕಪೇಟೆಯಲ್ಲಿ ಸ್ವೆಟರು ಕೊಳ್ಳಲು ಹೋಗಿದ್ದೆವು. ‘ತಗೊಳ್ಳಿ ಅಕ್ಕಾ, ಚೀಪ್ ಅಂಡ್ ಬೆಸ್ಟ್’ ಎಂದ ಹುಡುಗ. ಹುಟ್ಟಿನಿಂದ ಕೇಳಿದ ಮಾತು, ಇದೇನು ಇಂಗ್ಲಿಷು ಎಂದು ಒಳಗೇ ನಕ್ಕದ್ದೂ ಉಂಟು. ಇಂಗ್ಲೆಂಡಿನವರು ನಾನೂರು ವರ್ಷದ ಹಿಂದೆ ಕೈಬಿಟ್ಟ ಒಳ್ಳೆಯದನ್ನು ಆ ಹುಡುಗ ಚೀಪಿನ ಪಕ್ಕಕ್ಕೆ ಮತ್ತೆ ತಂದು ಕೂರಿಸಿದ್ದ, ಅದೂ ಒಂದು ಮೆಟ್ಟಿಲು ಮೇಲೇರಿಸಿ. ಇದು ನನಗೆ ಹೊಳೆದದ್ದು ಮಾತ್ರ ಕ್ಯಾಂಪ್ಡನ್ನಿನ ಸಂತೆಮನೆಯಲ್ಲಿ, ತಣ್ಣನೆ ಕಲ್ಲಿನ ಮೇಲೆ ಕೂತಾಗ.

ಕ್ಯಾಂಪ್ಡನ್ ಉಣ್ಣೆಯಿಂದ ಬೆಳೆದ ಊರು. 1401ರಲ್ಲಿ ತೀರಿಕೊಂಡ ವಿಲಿಯಂ ಗ್ರೆವೆಲ್ ಎಂಬ ಉಣ್ಣೆ ವರ್ತಕನ ಮನೆ ಹೈ ಸ್ಟ್ರೀಟಿನಲ್ಲಿ ಇನ್ನೂ ಇದೆ. ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲೇ ಅವನು ಹೂವಿನಂಥವನು ಎಂದು ಚರ್ಚಿನೊಳಗಿನ ಹಿತ್ತಾಳೆ ಫಲಕ ಹೊಗಳುತ್ತದೆ. ಅದನ್ನು ನೋಡಿ ಬರುವಾಗ ಒಂದು ಅಂಗಡಿಯ ಮುಂದೆ ಕುರಿಯುಣ್ಣೆಯ ಸ್ವೆಟರು ತೂಗುಹಾಕಿದ್ದರು. ನನ್ನಾಕೆ ತೋಳನ್ನು ಸವರಿದಳು, ಚೀಟಿ ತಿರುಗಿಸಿ ನೋಡಿದಳು, ಒಂದು ಗಳಿಗೆ ತುಟಿಯಲ್ಲೇ ಪೌಂಡನ್ನು ರೂಪಾಯಿ ಮಾಡಿದಳು. ಆಮೇಲೆ ಚೀಟಿಯನ್ನು ಮೊದಲಿದ್ದ ಹಾಗೇ ಒಳಗೆ ಸೇರಿಸಿ, ಚಿಕ್ಕಪೇಟೆ ಸ್ವೆಟರಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಳು.