ಅಪ್ರೂವ್ ಆಗದ ಕಂಪ್ಯೂಟರು ಮತ್ತು ಸಿದ್ದಾಪುರದ ಪಹಣಿ

ನನ್ನ ಕೆಲಸ ಏನಪ್ಪಾ ಅಂದ್ರೆ, ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ತಂತ್ರಾಂಶ ಸಂಭಾಳಿಸುವುದು. ಮೈಕ್ರೋಸಾಫ್ಟ್ ಇದನ್ನು 1994ರಲ್ಲಿ ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್ ಅಂತ ತಂದಿತ್ತು. 2007ರ ಆವೃತ್ತಿಗೆ ಕಾನ್ಫಿಗರೇಶನ್ ಮ್ಯಾನೇಜರ್ ಎಂಬ ಹೆಸರು ಬಂತು, ಜೊತೆಗೆ 'ಕ್ಲೈಂಟ್ ಅಪ್ರೂವಲ್' ಕೂಡ.

ಇದರ ಲೆಕ್ಕ ಸರಳ. "ನಾನು ಇಂಥ ಕಂಪ್ಯೂಟರು" ಅಂತ ಅದೇ ಹೇಳಿಕೊಂಡರೆ ಸಾಲದು, ನಂಬಿಕೆಯ ಡೊಮೈನ್ ಸಾಕ್ಷಿ ಹೇಳಬೇಕು. ಸಾಕ್ಷಿ ಇಲ್ಲದ್ದು ಪಟ್ಟಿಯಲ್ಲೇನೋ ಕಾಣುತ್ತೆ, ಆದರೆ ಗುಟ್ಟಿನ ಮಾಹಿತಿ ಇರುವ ಪಾಲಿಸಿಗಳು ಅದಕ್ಕೆ ಸಿಗೋದಿಲ್ಲ. ಆಗ ಮೊದಲು ಡೊಮೈನಿಗೆ ಸೇರಿದೆಯಾ ನೋಡಬೇಕು, ಆಮೇಲೆ ಡೊಮೈನುಗಳ ನಡುವೆ ನಂಬಿಕೆ ಇದೆಯಾ ಅಂತ. ಯಾವ ಡೊಮೈನಿಗೂ ಸೇರದ್ದಾದರೆ ಮನುಷ್ಯನೇ ಪರೀಕ್ಷಿಸಿ, ಕೈಯಾರೆ ಒಪ್ಪಬೇಕು. 'ಎಲ್ಲವನ್ನೂ ಒಪ್ಪು' ಅನ್ನೋ ಆಯ್ಕೆಯೂ ಇದೆ, ಅದರ ತಂಟೆಗೆ ಹೋಗಬೇಡಿ!

ಇದೇ ಪ್ರಶ್ನೆಯನ್ನು ನಮ್ಮ ಸರ್ಕಾರ ಮೊದಲೇ ಎದುರಿಸಿತ್ತು. 'ಭೂಮಿ' ಯೋಜನೆ 2002ರ ಹೊತ್ತಿಗೆ ಸಿದ್ದಾಪುರವೂ ಸೇರಿ ಆಗಿನ 177 ತಾಲೂಕುಗಳನ್ನು ಮುಟ್ಟಿತ್ತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ಆಗ 15 ರೂಪಾಯಿಗೆ ಒಂದು ಪ್ರತಿ ಸಿಗುತ್ತಿತ್ತು. ಸೊಸೈಟಿಯಲ್ಲಿ ಬೆಳೆಸಾಲ ಕೇಳುವ ಅಡಿಕೆ ಬೆಳೆಗಾರನಿಗೆ ಅದೇ ಆಧಾರ. ಹಾಗಾದರೆ ದಾಖಲೆ ತಿದ್ದುವವರು ಯಾರು ಅಂತ ನಂಬೋದು ಹೇಗೆ? ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳಬಹುದು, ಆಮೇಲೆ "ನಾನಲ್ಲ" ಅನ್ನಬಹುದು. ಅದಕ್ಕೇ ಬೆರಳಚ್ಚು ಇಟ್ಟರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು ಅಂತಲೂ ಮಾಡಿದರು.

ಆದರೆ ಬೆರಳಚ್ಚು ಹೇಳೋದು ಯಾರು ಒಪ್ಪಿದರು ಅಂತ ಮಾತ್ರ. ಬರೆದದ್ದು ಸರಿಯೋ ಅಂತಲ್ಲ. ಹಳೇ ಕೈಬರಹದ ತಪ್ಪು ಕಂಪ್ಯೂಟರಿಗೆ ಹೋದರೆ ಅದು ಚಂದದ ಅಚ್ಚಿನ ತಪ್ಪಾಗುತ್ತೆ, ಅಷ್ಟೇ.

ಇನ್ನು ಪಹಣಿಯೇ ಇಲ್ಲದವರು? ನಮ್ಮ ಕಡೆ ಕಾಡಂಚಿನಲ್ಲಿ ಗೇಯ್ದು ತಿನ್ನುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ದಾರಿ ತೋರಿಸಿತು. ಬುಡಕಟ್ಟಿನವರಲ್ಲದಿದ್ದರೆ 3 ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಬೇಕು. ಅರ್ಜಿ ಗ್ರಾಮಸಭೆ, ಉಪವಿಭಾಗ, ಜಿಲ್ಲೆ ಅಂತ ಸಮಿತಿಗಳನ್ನು ದಾಟಬೇಕು. ಡೊಮೈನಿಲ್ಲದ ಕಂಪ್ಯೂಟರಿನ ಥರವೇ, ಮನುಷ್ಯರೇ ಪರೀಕ್ಷಿಸಿ ಒಪ್ಪಬೇಕಾದ ಕೆಲಸ. ಕಂಪ್ಯೂಟರಾದರೆ ಪಟ್ಟಿಯಲ್ಲಿ ಎಷ್ಟು ದಿನ ಬೇಕಾದರೂ ಕಾಯುತ್ತೆ, ಅದಕ್ಕೆ ಹೊಟ್ಟೆಪಾಡಿಲ್ಲ.

ನಿಮ್ಮ ಊರಿನ ಪಹಣಿ ಕತೆ ಇದ್ದರೆ ನೀವೂ ಬರೀರಿ.